ಬೇರಿನ ಒಕ್ಕಲು

ಭಾಷೆಯನ್ನು ಕಲಿಸುವವನಿಗೆ ಭೂಮಿಯ ಉಸಾಬರಿ ಏಕೆ ಎಂದು ವಾಚಕರು ಕೇಳಬಹುದು. ಕನ್ನಡ ಎಂ.ಎ. ಮಾಡಿ, ಕಾಲೇಜಿನಲ್ಲಿ ಷಟ್ಪದಿಯ ಮಾತ್ರೆಗಳನ್ನು ಎಣಿಸಿ ತೋರಿಸುತ್ತ ಕಾಲಕ್ಷೇಪ ಮಾಡುತ್ತಿರುವ ನಾನು ಅಣುಜೀವಿಗಳ ವಿಷಯವಾಗಿ ಬರೆಯಹೊರಟಿರುವುದು ಅನಧಿಕಾರ ಪ್ರವೇಶವೆಂದು ವಿಜ್ಞಾನ ವಿಭಾಗದ ಮಿತ್ರರು ನಗಲೂಬಹುದು. ಆದರೆ ನಾನು ಹುಟ್ಟಿದ್ದು ಒಕ್ಕಲುತನದ ಮನೆಯಲ್ಲಿ. ನನ್ನ ಅಣ್ಣ ಇಂದಿಗೂ ತುಮಕೂರು ಸೀಮೆಯ ಕೆಮ್ಮಣ್ಣಿನಲ್ಲಿ ರಾಗಿಯನ್ನೂ ಕಡಲೆಕಾಯಿಯನ್ನೂ ಬೆಳೆಯುತ್ತಿದ್ದಾನೆ. ನಾನು ಮೈಸೂರಿನಲ್ಲಿ ಓದುತ್ತಿದ್ದಾಗ ನನ್ನ ಊಟದ ಖರ್ಚೂ ಪುಸ್ತಕದ ಖರ್ಚೂ ಆ ನೆಲದಿಂದಲೇ ಹುಟ್ಟಿ ಬರಬೇಕಾಗಿತ್ತು. ಮಣ್ಣಿನ ವಿಷಯದಲ್ಲಿ ನನಗೆ ಅಧಿಕಾರವಿಲ್ಲ, ನಿಜ, ಆದರೆ ಋಣವಿದೆ. ಆ ಋಣದ ಬಲದಿಂದ ಈ ನಾಲ್ಕು ಮಾತು.

ವಿಷಯ ನನ್ನ ಬಳಿಗೆ ಬಂದದ್ದು ಕಾಗುಣಿತ ತಿದ್ದುವ ನೆಪದಿಂದ. ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ಸಸ್ಯಶಾಸ್ತ್ರದ ಅಧ್ಯಾಪಕ ಮಿತ್ರರೊಬ್ಬರು ಲೇಖನವೊಂದನ್ನು ಬರೆದಿದ್ದರು. ಅದರ ಕನ್ನಡವನ್ನು ನೋಡಿಕೊಡಬೇಕೆಂದು ನನಗೆ ಒಪ್ಪಿಸಿದರು. ಬ್ರೆಜಿಲ್ ದೇಶದಲ್ಲಿ ಬಾಳಿದ ಜೊಹಾನ ಡೋಬರೈನರ್ ಎಂಬ ವಿಜ್ಞಾನಿಯ ಜೀವನ ಮತ್ತು ಸಂಶೋಧನೆಯೇ ಅದರ ವಸ್ತು. ಒತ್ತಕ್ಷರ, ದೀರ್ಘಗಳನ್ನು ಸರಿಪಡಿಸುತ್ತ ಹೋದವನು ನಡುವೆ ಎಲ್ಲಿಯೋ ಕೆಂಪು ಶಾಯಿಯ ಲೇಖನಿಯನ್ನು ಕೆಳಗಿಟ್ಟು ಬರಿಯ ಓದುಗನಾದೆ. ಮಿತ್ರರನ್ನು ಪ್ರಶ್ನೆಗಳಿಂದ ಪೀಡಿಸಿದೆ. ಅವರು ಸಹನೆಯಿಂದ ಉತ್ತರಿಸಿದರು. ಇನ್ನಷ್ಟು ಪುಸ್ತಕಗಳನ್ನೂ ಕೊಟ್ಟರು.

ಮೊದಲು ಗಿಡದ ಹಸಿವೆಯ ವಿಚಾರ. ನಾವು ಉಸಿರಾಡುವ ಗಾಳಿಯ ನೂರು ಪಾಲಿನಲ್ಲಿ 78 ಪಾಲು ಸಾರಜನಕ. ಎಲೆಯ ಹಸಿರಿಗೂ ಕಾಳಿನ ಸತ್ತ್ವಕ್ಕೂ ಅದೇ ಮೂಲ. ಆದರೆ ಗಾಳಿಯಲ್ಲಿರುವ ಸಾರಜನಕದ ಎರಡೆರಡು ಪರಮಾಣುಗಳು ಮೂರು ಗಂಟು ಹಾಕಿಕೊಂಡು ಒಂದನ್ನೊಂದು ಬಿಗಿದು ಹಿಡಿದಿವೆ. ಆ ಗಂಟನ್ನು ಬಿಚ್ಚುವ ಶಕ್ತಿ ಯಾವ ಗಿಡಕ್ಕೂ ಇಲ್ಲ. ಕಣಜದ ತುಂಬ ಕಾಳಿದ್ದು ಬೀಗದ ಕೈ ಕಳೆದುಹೋದ ಮನೆಯಂತೆ, ಸಾರಜನಕದ ಸಮುದ್ರದಲ್ಲಿ ನಿಂತೇ ಪೈರು ಹಸಿದು ಹಳದಿಯಾಗುತ್ತದೆ. 1909ರಲ್ಲಿ ಜರ್ಮನಿಯ ಹೇಬರ್ ಆ ಗಂಟನ್ನು ಬಿಚ್ಚುವ ಉಪಾಯವನ್ನು ಪ್ರಯೋಗಶಾಲೆಯಲ್ಲಿ ತೋರಿಸಿದನು. 1913ರಲ್ಲಿ ಬಾಷ್ ಅದನ್ನು ಕಾರ್ಖಾನೆಗೆ ತಂದನು. ನಾಲ್ಕೈದು ನೂರು ಡಿಗ್ರಿ ಉಷ್ಣ, ಗಾಳಿಯ ಸಹಜ ಒತ್ತಡದ ನೂರಾರು ಪಟ್ಟು ಒತ್ತಡ—ಇಷ್ಟು ಆರ್ಭಟವಾದ ಮೇಲೆ ಸಿಗುವುದು ಅಮೋನಿಯಾ. ನಮ್ಮ ಊರಿನ ಹಿರಿಯರು ‘ಸರ್ಕಾರಿ ಗೊಬ್ಬರ’ ಎಂದು ಕರೆಯುವ ಯೂರಿಯಾ ಹುಟ್ಟುವುದು ಅದರಿಂದಲೇ.

ಇದೇ ಕೆಲಸವನ್ನು ಮಣ್ಣಿನ ಕೆಲವು ಬ್ಯಾಕ್ಟೀರಿಯಾಗಳು ಸದ್ದಿಲ್ಲದೆ, ಮಣ್ಣಿನ ಸಹಜವಾದ ಬೆಚ್ಚಗಿನಲ್ಲಿ ಮಾಡುತ್ತವೆ. ಅವರೆ, ತೊಗರಿ, ಕಡಲೆಕಾಯಿಯಂತಹ ಗಿಡಗಳ ಬೇರಿನ ಗಂಟುಗಳಲ್ಲಿ ಇವು ಒಕ್ಕಲಾಗಿರುತ್ತವೆಂಬುದನ್ನು 1880ರ ದಶಕದಲ್ಲಿ ಜರ್ಮನಿಯ ಹೆಲ್‌ರೀಗಲ್ ಮತ್ತು ವಿಲ್‌ಫಾರ್ಟ್ ಸ್ಥಾಪಿಸಿದರು. ಡಚ್ ವಿಜ್ಞಾನಿ ಬೈಯರಿಂಕ್ 1888ರಲ್ಲಿ ಆ ಜೀವಿಗಳನ್ನು ಬೇರ್ಪಡಿಸಿ ಬೆಳೆಸಿದನು. ಗಿಡ ತಾನು ಬಿಸಿಲಿನಲ್ಲಿ ಅಟ್ಟ ಸಕ್ಕರೆಯನ್ನು ಕೆಳಗೆ ಕಳುಹಿಸುತ್ತದೆ. ಒಕ್ಕಲು ಅದನ್ನು ಉಂಡು ಸಾರಜನಕದ ಗುತ್ತಿಗೆಯನ್ನು ಸಲ್ಲಿಸುತ್ತದೆ. ಆ ಸಾರಜನಕ ಎಲೆಯಾಗಿ, ಎಲೆ ಹಸುವಿನ ಮೇವಾಗಿ, ಮೇವು ಸಗಣಿಯಾಗಿ, ಸಗಣಿ ತಿಪ್ಪೆಯಲ್ಲಿ ಕಳಿತು ಮತ್ತೆ ಹೊಲಕ್ಕೆ ಬರುತ್ತದೆ. ಒಂದು ಗುಂಪಿನ ಜೀವಿಗಳು ಅದನ್ನು ಬೇರು ಕುಡಿಯಬಲ್ಲ ಲವಣವಾಗಿ ಮಾಡಿದರೆ, ಇನ್ನೊಂದು ಗುಂಪು ಉಳಿದದ್ದನ್ನು ಗಾಳಿಗೆ ಮರಳಿಸುತ್ತದೆ. ಈ ಚಕ್ರದ ಒಂದೊಂದು ಅರೆಕಾಲಿನ ಬಳಿಯೂ ಕಣ್ಣಿಗೆ ಕಾಣದ ಆಳುಗಳು ನಿಂತಿದ್ದಾರೆ.

ಡೋಬರೈನರ್ ಹುಟ್ಟಿದ್ದು 1924ರಲ್ಲಿ, ಆಗಿನ ಚೆಕೊಸ್ಲೊವಾಕಿಯದ ಔಸಿಗ್ ಎಂಬ ಊರಿನ ಜರ್ಮನ್ ಮಾತನಾಡುವ ಮನೆಯಲ್ಲಿ. ತಂದೆ ಪಾಲ್ ಕುಬೆಲ್ಕಾ ಹೆಸರಾಂತ ರಸಾಯನಶಾಸ್ತ್ರಜ್ಞ. ಪ್ರಾಗ್ ನಗರದಲ್ಲಿ ಬೆಳೆದ ಹುಡುಗಿಗೆ ಇಪ್ಪತ್ತು ತುಂಬುವ ಹೊತ್ತಿಗೆ ಮಹಾಯುದ್ಧ ಮುಗಿದು, ಆ ದೇಶದ ಜರ್ಮನ್ ಭಾಷಿಕರನ್ನೆಲ್ಲ ಹೊರಗಟ್ಟುವ ಕಾಲ ಬಂದಿತು. ಆಡಿದ ಭಾಷೆಯೇ ಅಪರಾಧವಾದ ದಿನಗಳವು. ಮನೆ ಕಳೆದುಕೊಂಡು ಜರ್ಮನಿಗೆ ಬಂದ ಆಕೆ ಹೊಲಮನೆಗಳಲ್ಲಿ ಹಸು ಕರೆದು, ಗೊಬ್ಬರ ಹರಡಿ ಹೊಟ್ಟೆ ಹೊರೆದರು. ಅನಂತರ ಮ್ಯೂನಿಕ್ ವಿಶ್ವವಿದ್ಯಾನಿಲಯದಲ್ಲಿ ಕೃಷಿಶಾಸ್ತ್ರವನ್ನು ಓದಿದರು. ಅಲ್ಲಿಯೇ ಪಶುವೈದ್ಯ ವಿದ್ಯಾರ್ಥಿಯಾಗಿದ್ದ ಯುರ್ಗೆನ್ ಡೋಬರೈನರ್ ಅವರನ್ನು ಮದುವೆಯಾಗಿ, ದಂಪತಿಗಳು ಬ್ರೆಜಿಲ್‌ಗೆ ಹೊರಟರು. ಭಾಷೆಯೊಂದರ ದೆಸೆಯಿಂದ ನೆಲವನ್ನು ಕಳೆದುಕೊಂಡವರು ತಮ್ಮ ಬಾಳನ್ನೆಲ್ಲ ಮತ್ತೊಂದು ನೆಲದ ಭಾಷೆಯನ್ನು ಕಲಿಯುವುದಕ್ಕೆ ಮುಡಿಪಾಗಿಟ್ಟರೆಂದು ನನಗೆ ತೋರುತ್ತದೆ. ಭಾಷೆಯ ಮೇಷ್ಟರ ಕಣ್ಣಿಗೆ ಹೀಗಲ್ಲದೆ ಬೇರೆ ಹೇಗೆ ಕಂಡೀತು?

1951ರಲ್ಲಿ ರಿಯೊ ಡಿ ಜನೈರೊ ನಗರದ ಹೊರಗೆ, ಸಾವೊ ಪಾಲೊಗೆ ಹೋಗುವ ಹಳೆಯ ಹೆದ್ದಾರಿಯ 47ನೆಯ ಕಿಲೋಮೀಟರಿನಲ್ಲಿದ್ದ ಕೃಷಿ ಸಂಶೋಧನ ಕೇಂದ್ರದಲ್ಲಿ ಆಕೆಗೆ ಕೆಲಸ ಸಿಕ್ಕಿತು. ಆ ಜಾಗದ ಹೆಸರು ಸೆರೊಪೆಡಿಕ. ಮುಂದಿನ ಸುಮಾರು ಅರ್ಧ ಶತಮಾನ ಅದೇ ಅವರ ಕರ್ಮಭೂಮಿ. 1956ರಲ್ಲಿ ಬ್ರೆಜಿಲ್ ಪೌರತ್ವವನ್ನೂ ಪಡೆದರು. ನಡುವೆ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯಕ್ಕೆ ಹೋಗಿ 1963ರಲ್ಲಿ ಸ್ನಾತಕೋತ್ತರ ಪದವಿ ಪಡೆದದ್ದುಂಟು. ಆದರೆ ಮರಳಿ ಬಂದದ್ದು ಅದೇ ಮಣ್ಣಿಗೆ. ಮಣ್ಣಿನ ಅಣುಜೀವಿಗಳ ಶಾಸ್ತ್ರ ಬಹುಮಟ್ಟಿಗೆ ಚಳಿದೇಶಗಳಲ್ಲಿ ಬೆಳೆದಿತ್ತು. ಉಷ್ಣದೇಶದ ಹುಲ್ಲಿನ ಬೇರನ್ನು, ಕಬ್ಬಿನ ಬೇರನ್ನು ಬಿಡಿಸಿ ನೋಡಿದವರು ವಿರಳ. ಅವರು ನೋಡಿದರು. ಕಬ್ಬಿನ ಬೇರಿನ ಸುತ್ತಲಿನ ಮಣ್ಣಿನಿಂದ ಸಾರಜನಕ ಹಿಡಿಯುವ ಹೊಸ ಜೀವಿಯೊಂದನ್ನು 1958ರಲ್ಲಿ ವರ್ಣಿಸಿದರು. ಪಾಸ್ಪಾಲಮ್ ಎಂಬ ಹುಲ್ಲಿನ ಕೆಲವು ಬಗೆಗಳನ್ನೇ ಆರಿಸಿಕೊಂಡು ಅವುಗಳ ಬೇರಿನಲ್ಲಿ ನೆಲೆಸುವ ಮತ್ತೊಂದನ್ನು 1966ರಲ್ಲಿ ಹೆಸರಿಸಿದರು. ‘ಹಿತ್ತಲ ಗಿಡ ಮದ್ದಲ್ಲ’ ಎನ್ನುವ ಲೋಕದಲ್ಲಿ, ಹಿತ್ತಲ ಹುಲ್ಲಿನ ಬುಡವನ್ನು ಕೆದಕಿದ್ದೇ ಅವರ ಶಾಸ್ತ್ರದ ಪ್ರಾರಂಭ.

ಅವರ ಹೆಸರು ಇಂದಿಗೂ ಉಳಿದಿರುವುದು ಸೋಯಾ ಅವರೆಯ ವಿಷಯದಲ್ಲಿ. 1960ರ ದಶಕದಲ್ಲಿ ಬ್ರೆಜಿಲ್ ಸೋಯಾವನ್ನು ವಿಸ್ತಾರವಾಗಿ ಬೆಳೆಯಲು ಹೊರಟಾಗ, ಎಂತಹ ತಳಿಗಳನ್ನು ಆರಿಸಬೇಕು ಎಂಬ ಪ್ರಶ್ನೆ ಎದ್ದಿತು. ಧಾರಾಳವಾಗಿ ಸಾರಜನಕದ ಗೊಬ್ಬರ ಉಣ್ಣಿಸಿ, ಹೆಚ್ಚು ಇಳುವರಿ ಕೊಡುವ ತಳಿಯನ್ನು ಆಯುವುದು ಸುಲಭದ ದಾರಿ. ಹಾಗೆ ಉಂಡ ಗಿಡಕ್ಕೆ ಬೇರಿನ ಒಕ್ಕಲಿನ ಹಂಗಿಲ್ಲ. ಅದು ಗಂಟುಗಳನ್ನೇ ಬೆಳೆಸದೆ ಸೋಮಾರಿಯಾಗುತ್ತದೆ. ಸಾರಜನಕದ ಗೊಬ್ಬರವನ್ನೇ ಹಾಕದೆ, ಬೀಜಕ್ಕೆ ತಕ್ಕ ಬ್ಯಾಕ್ಟೀರಿಯಾವನ್ನು ಲೇಪಿಸಿ, ಆ ಸ್ನೇಹದಲ್ಲಿ ಯಾವ ತಳಿ ಚೆನ್ನಾಗಿ ಬೆಳೆಯುವುದೋ ಅದನ್ನೇ ಆರಿಸಬೇಕೆಂದು ಡೋಬರೈನರ್ ಮತ್ತು ಅವರ ಜೊತೆಗಾರರು ವಾದಿಸಿದರು. ಆ ವಾದ ಗೆದ್ದಿತು. ಇಂದು ಬ್ರೆಜಿಲ್‌ನಲ್ಲಿ 4 ಕೋಟಿ ಹೆಕ್ಟೇರಿಗೂ ಮಿಕ್ಕಿ ಬೆಳೆಯುವ ಸೋಯಾಕ್ಕೆ ಸಾರಜನಕದ ಗೊಬ್ಬರ ಬೀಳುವುದು ಇಲ್ಲವೆನ್ನುವಷ್ಟು ಕಡಿಮೆ.

ಈ ಮಾತಿನ ತೂಕವೇನೆಂದು ತಿಳಿಯಲು ನಾನು ಅಣ್ಣನ ಲೆಕ್ಕದಲ್ಲಿಯೇ ಗುಣಿಸಿ ನೋಡಿದೆ. ಒಂದು ಟನ್ ಸೋಯಾ ಬೆಳೆಯಲು ಗಿಡಕ್ಕೆ ಸುಮಾರು 80 ಕಿಲೋ ಸಾರಜನಕ ಬೇಕು. ಹೆಕ್ಟೇರಿಗೆ ಮೂರು ಟನ್ ಬೆಳೆದರೆ 240 ಕಿಲೋ. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46 ಪಾಲು. ಅಂದರೆ ಅಷ್ಟನ್ನೂ ಗೊಬ್ಬರದಿಂದಲೇ ಒದಗಿಸುವುದಾದರೆ, ಮಳೆಗೆ ಕೊಚ್ಚಿಹೋಗುವುದನ್ನು ಬಿಟ್ಟರೂ, ಎಕರೆಗೆ 45 ಕಿಲೋ ತೂಕದ ಐದು ಮೂಟೆಗಳ ಹತ್ತಿರ ಆಗುತ್ತದೆ. ಆ ಮೂಟೆಗಳನ್ನು ಹಣ ಕೇಳದೆ ಬೇರಿನ ಬುಡಕ್ಕೆ ಹೊತ್ತು ತಂದವರು ಒಂದು ಗುಂಪಿನ ಬ್ಯಾಕ್ಟೀರಿಯಾಗಳು. ನಮ್ಮಲ್ಲಿ ರಾಗಿಯ ನಡುವೆ ಅವರೆ, ತೊಗರಿಗಳ ಅಕ್ಕಡಿ ಸಾಲು ಹಾಕುವ ರೂಢಿಯ ಹಿಂದೆಯೂ ಇದೇ ಒಕ್ಕಲಿನ ದುಡಿಮೆ ಅಡಗಿದೆ. ಹೆಸರು ಗೊತ್ತಿಲ್ಲದೆಯೂ ನಮ್ಮ ಹಿರಿಯರು ಅದಕ್ಕೆ ಹೊಲದಲ್ಲಿ ಜಾಗ ಕೊಟ್ಟಿದ್ದರು.

ಆದರೆ ರಾಗಿ, ಜೋಳ, ಕಬ್ಬು, ಭತ್ತಗಳು ಹುಲ್ಲಿನ ಜಾತಿಯವು. ಅವುಗಳ ಬೇರಿನಲ್ಲಿ ಗಂಟುಗಳಿಲ್ಲ. ಅವಕ್ಕೂ ಇಂತಹ ಒಕ್ಕಲು ಇರಬಹುದೇ? ಡೋಬರೈನರ್ ಅವರ ಜೀವಮಾನದ ಪ್ರಶ್ನೆ ಇದು. 1970ರ ದಶಕದಲ್ಲಿ ಅವರು ಹುಲ್ಲಿನ ಬೇರುಗಳಿಂದ ಸುರುಳಿಯಾಕಾರದ ಒಂದು ಬ್ಯಾಕ್ಟೀರಿಯಾವನ್ನು ಮತ್ತೆ ಬೆಳಕಿಗೆ ತಂದರು. ಬೈಯರಿಂಕ್ 1920ರ ದಶಕದಲ್ಲಿಯೇ ಅದನ್ನು ಕಂಡು ಹೆಸರಿಟ್ಟಿದ್ದನು. ಆಮೇಲೆ ಲೋಕ ಅದನ್ನು ಮರೆತಿತ್ತು. 1978ರಲ್ಲಿ ಅದಕ್ಕೆ ‘ಅಜೋಸ್ಪೈರಿಲಮ್’ ಎಂಬ ಹೊಸ ಹೆಸರಾಯಿತು. ನಮ್ಮ ರೈತರು ಇಂದು ಪೊಟ್ಟಣದ ಮೇಲೆ ಓದುವ ಹೆಸರೇ ಅದು.

ಲೋಕ ಅದನ್ನು ಕಾಣದೆ ಇದ್ದುದಕ್ಕೆ ಕಾರಣವಿತ್ತು. ಸಾರಜನಕದ ಗಂಟು ಬಿಚ್ಚುವ ಕಿಣ್ವಕ್ಕೆ ಆಮ್ಲಜನಕ ವಿಷ. ಆದರೆ ಆ ಕೆಲಸಕ್ಕೆ ಬೇಕಾದ ಶಕ್ತಿಗಾಗಿ ಜೀವಿ ಉಸಿರಾಡಲೇಬೇಕು. ಗಾಳಿ ಹೆಚ್ಚಾದರೆ ಕೆಲಸ ಕೆಡುತ್ತದೆ, ಇಲ್ಲವಾದರೆ ಜೀವ ಹೋಗುತ್ತದೆ. ಗಟ್ಟಿಯಾದ ಆಹಾರದ ಮೇಲೆ ಬೆಳೆಸಿದಾಗ ಗಾಳಿ ಅತಿಯಾಗಿ, ಅದರ ಗುಣ ಪ್ರಕಟವಾಗುತ್ತಿರಲಿಲ್ಲ. ಡೋಬರೈನರ್ ಮಾಡಿದ ಉಪಾಯ ಅಡುಗೆಮನೆಯ ಉಪಾಯದಷ್ಟು ಸರಳ: ಆಹಾರವನ್ನು ತೆಳು ಗಂಜಿಯಂತೆ ಅರೆಗಟ್ಟಿಯಾಗಿ ಮಾಡಿ ಗಾಜಿನ ನಳಿಗೆಯಲ್ಲಿಟ್ಟರು. ಆಗ ಬ್ಯಾಕ್ಟೀರಿಯಾ ತನಗೆ ಹಿತವಾದ ಆಳವನ್ನು ತಾನೇ ಹುಡುಕಿಕೊಂಡಿತು. ನಮ್ಮ ಮಿತ್ರರು ರಾಗಿಯ ಬೇರಿನ ತುಣುಕು ಹಾಕಿ ಸಿದ್ಧಪಡಿಸಿದ್ದ ಇಂತಹ ನಳಿಗೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಹಸಿರು ಬಣ್ಣದ ಗಂಜಿ ನೀಲಿಗೆ ತಿರುಗುತ್ತಿತ್ತು. ಮೇಲ್ಮೈಯಿಂದ ಸ್ವಲ್ಪವೇ ಕೆಳಗೆ, ಹಾಲಿನ ಕೆನೆಗಿಂತ ತೆಳ್ಳಗೆ, ಬಿಳಿಯ ಪರದೆಯೊಂದು ನಿಂತಿತ್ತು. “ಕೋಟ್ಯಂತರ ಇವೆ, ಮೇಷ್ಟ್ರೇ. ಇನ್ನೂ ಮೇಲಕ್ಕೆ ಹೋದರೆ ಕೆಲಸವಿಲ್ಲ, ಕೆಳಕ್ಕಿಳಿದರೆ ಉಸಿರಿಲ್ಲ. ತಮಗೆ ಸಲ್ಲುವ ಜಾಗದಲ್ಲಿ ನಿಂತಿವೆ” ಎಂದರು. ನಾನು ಬಹಳ ಹೊತ್ತು ನೋಡುತ್ತಲೇ ಇದ್ದೆ.

ಇನ್ನು ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಹಿರಿದಾಗಿ ತೋರಿದ ಭಾಗ. 1973ರ ತೈಲದ ಬಿಕ್ಕಟ್ಟಿನಿಂದ ಗೊಬ್ಬರದ ಬೆಲೆ ಏರಿದ್ದ ಕಾಲ. ಮುಸುಕಿನ ಜೋಳದ ಬೇರುಗಳೂ ಗಣನೀಯವಾಗಿ ಸಾರಜನಕ ಹಿಡಿಯಬಲ್ಲವೆಂದು ಸೂಚಿಸುವ ಡೋಬರೈನರ್ ಅವರ ಪ್ರಬಂಧ 1975ರಲ್ಲಿ ಪ್ರಕಟವಾಯಿತು. ಲೋಕವೆಲ್ಲ ಕಿವಿ ನಿಮಿರಿಸಿತು. ಇನ್ನು ಯೂರಿಯಾಕ್ಕೆ ವಿದಾಯವೆಂದು ಕನಸು ಕಂಡವರೂ ಇದ್ದರು. ಆದರೆ ಬೇರನ್ನು ಕಿತ್ತು ರಾತ್ರಿಯಿಡೀ ಪಾತ್ರೆಯಲ್ಲಿಟ್ಟು ಅಳೆದಾಗ ಬ್ಯಾಕ್ಟೀರಿಯಾ ಅಲ್ಲಿಯೇ ವೃದ್ಧಿಯಾಗಿ ಲೆಕ್ಕ ಉಬ್ಬುತ್ತದೆಂದು ಮುಂದೆ ತಿಳಿದುಬಂದಿತು. ಅಜೋಸ್ಪೈರಿಲಮ್‌ನ ಉಪಕಾರ ಬಹುಪಾಲು ಬೇರೆಯ ಬಗೆಯದು: ಅದು ಸ್ರವಿಸುವ ಸಸ್ಯಚೋದಕಗಳಿಂದ ಬೇರು ಕವಲೊಡೆದು ಹಬ್ಬಿ, ನೀರನ್ನೂ ಸತ್ತ್ವವನ್ನೂ ಹೆಚ್ಚು ಹೀರುತ್ತದೆ. ಇಂತಹ ಸಂದರ್ಭದಲ್ಲಿ ಮನುಷ್ಯನಿಗೆ ಎರಡು ದಾರಿ. ಹಳೆಯ ಲೆಕ್ಕವನ್ನು ಹಟದಿಂದ ಸಮರ್ಥಿಸುವುದು ಒಂದು. ಅಳತೆಗೋಲನ್ನೇ ತಿದ್ದುವುದು ಇನ್ನೊಂದು. ಸೆರೊಪೆಡಿಕದಲ್ಲಿ ಅವರ ಸಹೋದ್ಯೋಗಿಗಳು ಗುರುತು ಹಾಕಿದ ಭಾರಸಾರಜನಕವನ್ನು ಬಳಸಿ, ಸಿಮೆಂಟಿನ ತೊಟ್ಟಿಯ ಮಣ್ಣಿನಲ್ಲಿ ಕಬ್ಬನ್ನು ವರ್ಷಗಟ್ಟಲೆ ಬೆಳೆಸಿ ಅಳೆದರು. ಕಬ್ಬಿನ ಕೆಲವು ತಳಿಗಳು ತಮ್ಮ ಸಾರಜನಕದ ಅರ್ಧಕ್ಕಿಂತ ಹೆಚ್ಚನ್ನು ಗಾಳಿಯಿಂದಲೇ ಪಡೆಯುತ್ತವೆಂಬ ಫಲಿತಾಂಶ 1992ರಲ್ಲಿ ಹೊರಬಂದಿತು. ಎಲ್ಲ ತಳಿಗಳೂ ಅಲ್ಲ, ಎಲ್ಲ ನೆಲದಲ್ಲಿಯೂ ಅಷ್ಟೇ ಅಲ್ಲ. ಅಷ್ಟರೊಳಗೆ ಕಬ್ಬಿನ ಒಡಲಿನೊಳಗೇ ವಾಸಿಸುವ ಇನ್ನೊಂದು ಬ್ಯಾಕ್ಟೀರಿಯಾವನ್ನು 1988ರಲ್ಲಿ ಡೋಬರೈನರ್ ಮತ್ತು ಅವರ ಜೊತೆಗಾರರೊಬ್ಬರು ಕಂಡುಹಿಡಿದಿದ್ದರು. ಹಿಗ್ಗಿದ ಆಸೆಯನ್ನು ಸತ್ಯದ ಅಳತೆಗೆ ಇಳಿಸಿ, ಇಳಿದ ಮೇಲೆಯೂ ಹುಡುಕುವುದನ್ನು ಬಿಡದಿರುವುದು ಸಾಮಾನ್ಯವಾದ ಮನೋಬಲವಲ್ಲ.

ಈ ವಿಚಾರವನ್ನೆಲ್ಲ ಕಳೆದ ಮುಂಗಾರಿಗೆ ಮುಂಚೆ ಊರಿಗೆ ಹೋದಾಗ ಅಣ್ಣನಿಗೆ ಹೇಳಿದೆ. ಅವನ ಮೇಲೆ ಹಿಂದಿನ ವರ್ಷದ ಗೊಬ್ಬರದ ಸಾಲ ಇನ್ನೂ ಇತ್ತು. ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೊನೆಯವರೆಗೂ ಕೇಳಿದ.

“ಆ ಪೊಟ್ಟಣ ಪಟ್ಟಣದ ಅಂಗಡಿಯಲ್ಲೂ ಸಿಗ್ತದೆ ಕಣೋ. ಅದರೊಳಗೆ ಇರೋದು ಜೀವ ಅಂತೀಯಲ್ಲ, ಬಿಸಿಲಲ್ಲಿ ಬಿದ್ದಿದ್ರೆ ಅದು ಬದುಕಿರ್ತದಾ? ಸತ್ತದ್ದನ್ನ ಕಾಸು ಕೊಟ್ಟು ತಂದು ಬೀಜಕ್ಕೆ ಬಳಿದ್ರೆ ಏನು ಬಂತು?” ಎಂದು ಕೇಳಿದ.

ಆ ಪ್ರಶ್ನೆಯನ್ನು ನಾನು ಮಿತ್ರರ ಮುಂದಿಟ್ಟಾಗ ಅವರು, “ನಿಮ್ಮಣ್ಣ ಕೇಳಿದ್ದೇ ಮುಖ್ಯವಾದ ಪ್ರಶ್ನೆ” ಎಂದರು. ಬಿಸಿಲಿಗೆ ಕಾದ, ಅವಧಿ ಮೀರಿದ ಪೊಟ್ಟಣದಲ್ಲಿ ಜೀವ ಉಳಿದಿರುವುದಿಲ್ಲ. ತಂಪಾದ ಜಾಗದಲ್ಲಿಟ್ಟದ್ದನ್ನು, ದಿನಾಂಕ ನೋಡಿ ತರಬೇಕು. ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಹಚ್ಚಿ, ನೆರಳಿನಲ್ಲಿ ಆರಿಸಿ, ತಡಮಾಡದೆ ಬಿತ್ತಬೇಕು. ಇಷ್ಟನ್ನೂ ತಿಳಿದುಕೊಂಡು ಬಂದು ಹೇಳಿದೆ. “ಅಣ್ಣ, ಯೂರಿಯಾ ಬಿಟ್ಟುಬಿಡು ಎಂದು ನಾನು ಹೇಳುವುದಿಲ್ಲ” ಎಂದೆ. ಅವನ ಒಂದು ವರ್ಷದ ಬಾಳು ನನ್ನ ಉತ್ಸಾಹಕ್ಕೆ ಒತ್ತೆಯಾಗಬಾರದು ಎಂಬ ಎಚ್ಚರ ನನಗಿತ್ತು.

ಅಣ್ಣ ಏನನ್ನೂ ಮಾತು ಕೊಡಲಿಲ್ಲ. ಆದರೆ ಕೊಯ್ಲಿನ ಹೊತ್ತಿಗೆ ಹೋದಾಗ ಕಣದಲ್ಲಿ ಎರಡು ರಾಶಿಗಳಿದ್ದವು. ಬದುವಿನ ಪಕ್ಕದ ಹತ್ತು ಗುಂಟೆಗೆ ಪೊಟ್ಟಣ ಹಚ್ಚಿದ ಬೀಜ ಬಿತ್ತಿ, ಅದರ ಮಗ್ಗುಲಿನ ಹತ್ತು ಗುಂಟೆಗೆ ಹಾಗೆಯೇ ಬಿತ್ತಿ, ಎರಡನ್ನೂ ಬೇರೆ ಬೇರೆ ಕೊಯ್ದು, ಬೇರೆ ಬೇರೆ ಬಡಿದು ಅಳೆದಿದ್ದ. ಹಾಗೆ ಮಾಡೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಮೊದಲಿನ ರಾಶಿ ಎರಡು ಕೊಳಗದಷ್ಟು ಹೆಚ್ಚಿಗಿತ್ತು. ನಾನು ಹಿಗ್ಗಿದೆ, ಅವನು ಹಿಗ್ಗಲಿಲ್ಲ. “ಬದುವಿನ ಪಕ್ಕ ಮಣ್ಣು ಒಂದಿಷ್ಟು ತಂಪು. ಅದರಿಂದಲೂ ಇರಬೋದು. ಬರೋ ವರ್ಷ ಅದಲು ಬದಲು ಮಾಡಿ ನೋಡಾನ” ಎಂದ. ಸೆರೊಪೆಡಿಕದ ಕೇಂದ್ರವನ್ನು ಅವನು ಕಂಡವನಲ್ಲ. ಆದರೂ ಅಲ್ಲಿಯವರು ಅವನನ್ನು ತಮ್ಮವನೆಂದೇ ಬಗೆಯುತ್ತಿದ್ದರು.

ಡೋಬರೈನರ್ 1989ರಲ್ಲಿ ಯುನೆಸ್ಕೊ ವಿಜ್ಞಾನ ಪ್ರಶಸ್ತಿಯನ್ನು ಪಡೆದರು. 2000ದ ಅಕ್ಟೋಬರ್ 5ರಂದು ತೀರಿಕೊಂಡರು. ಮರುವರ್ಷ ವಿಜ್ಞಾನಿಗಳು ಎರಡು ಬ್ಯಾಕ್ಟೀರಿಯಾಗಳಿಗೆ ಅವರ ಹೆಸರಿಟ್ಟರು. ಒಂದು ಹುಲ್ಲಿನ ಬೇರಿನದು. ಇನ್ನೊಂದು ಮೆಕ್ಸಿಕೊ ದೇಶದ ಕಾಫಿ ಗಿಡದ್ದು. ರಾಜಬೀದಿಗಳಿಗೆ ಹೆಸರಾಗುವವರು ಬಹಳ ಮಂದಿ. ಬೇರಿನ ಒಕ್ಕಲಿಗೆ ಹೆಸರಾಗುವವರು ಅಪರೂಪ. ಅವರ ಬಳಿ ಪಿಎಚ್.ಡಿ. ಮಾಡಿದ ಮರಿಯಾಂಜೆಲ ಹುಂಗ್ರಿಯ ಅವರಿಗೆ, ಸೋಯಾ ಮತ್ತಿತರ ಬೆಳೆಗಳಿಗೆ ಇಂತಹ ಜೀವಿಗಳನ್ನು ಒದಗಿಸಿದ ಸೇವೆಗಾಗಿ, 2025ರ ವಿಶ್ವ ಆಹಾರ ಪ್ರಶಸ್ತಿ ಸಂದಿತು. ಗುರು ತೀರಿಕೊಂಡ ಕಾಲು ಶತಮಾನದ ಮೇಲೆ ಶಿಷ್ಯೆಯ ಕೈಗೆ ಬಂದ ಫಲವದು.

ಕನ್ನಡ ಓದಿದರೆ ಏನು ಉಪಯೋಗ ಎಂದು ನನ್ನ ತರಗತಿಯಲ್ಲಿ ಪ್ರತಿ ವರ್ಷವೂ ಒಬ್ಬ ಹುಡುಗನಾದರೂ ಕೇಳುತ್ತಾನೆ. ಪ್ರಾಮಾಣಿಕವಾದ ಪ್ರಶ್ನೆ, ಅವನ ಮನೆಯಲ್ಲಿಯೂ ನನ್ನ ಅಣ್ಣನಂತಹ ಒಬ್ಬ ಅಣ್ಣನಿರುತ್ತಾನೆ. ಈ ವರ್ಷ ನಾನು ಅವನಿಗೆ ಉಪದೇಶ ಮಾಡಲಿಲ್ಲ. ಒಂದು ಕೆಲಸ ಹೇಳಿದೆ. ವಾಚಕರಿಗೂ ಅದನ್ನೇ ಹೇಳುತ್ತೇನೆ. ಮಳೆಗಾಲದಲ್ಲಿ ಚೆನ್ನಾಗಿ ಬೆಳೆದ ಅವರೆ ಗಿಡವೊಂದನ್ನು ಬೇರು ಹರಿಯದಂತೆ ಮೆಲ್ಲನೆ ಅಗೆದು ತೆಗೆಯಿರಿ, ನೀರಿನಲ್ಲಿ ತೊಳೆಯಿರಿ. ಬೇರಿಗೆ ಅಂಟಿದ ಸಣ್ಣ ಮಣಿಗಳಲ್ಲಿ ಒಂದನ್ನು ಉಗುರಿನಿಂದ ಸೀಳಿ ನೋಡಿರಿ. ಒಳಗೆ ನಸುಗೆಂಪು ಬಣ್ಣ ಕಂಡರೆ ಒಕ್ಕಲು ಬದುಕಿದೆ, ದುಡಿಯುತ್ತಿದೆ ಎಂದು ತಿಳಿಯಿರಿ. ನಮ್ಮ ರಕ್ತಕ್ಕೆ ಕೆಂಪು ಕೊಡುವ ವಸ್ತುವಿನ ಬಳಗಕ್ಕೇ ಸೇರಿದ್ದು ಆ ಬಣ್ಣವೂ. ಅದನ್ನು ಕಂಡ ಹುಡುಗ ಮನೆಗೆ ಹೋಗಿ ತನ್ನ ಅಣ್ಣನಿಗೆ ಅದನ್ನು ವಿವರಿಸಬೇಕಾಗುತ್ತದೆ. ವಿವರಿಸುವುದಕ್ಕೆ ಕನ್ನಡ ಬೇಕಾಗುತ್ತದೆ.